ಕ್ವಿರಿನ್‌ನ ಪುದೀನ ಪಹರೆ

ಜೀವಮಾನವಿಡೀ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಿವೃತ್ತನಾಗಿ ಮನೆಗೆ ಬಂದು ಕೂತರೆ, ಅವನಿಗೆ ತಪಾಸಣೆ ಮಾಡಲು ಸಿಗುವುದು ಹೆಂಡತಿಯೊಬ್ಬಳೇ. ಎರ್ಲೆನೌ ಊರಿನ ಕ್ವಿರಿನ್ ಶ್ಟಾಡ್ಲರ್‌ನ ಹೆಂಡತಿ ಆಫ್ರಾ ಜಾಣೆ. ಗಂಡ ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆದು ನೋಡಲು ಶುರುಮಾಡಿದ ವಾರವೇ ಹೆಡ್‌ವಿಗ್ ಟೀಚರ ಮನೆಗೆ ಹೋದಳು. "ಮ್ಯೂಸಿಯಮ್ಮಿಗೆ ಕಾವಲಿಗೆ ಜನ ಬೇಕು ಅಂತಿದ್ರಲ್ಲ ಟೀಚರ್. ನಮ್ಮನೇಲಿ ಒಂದಿದೆ. ಸಂಬಳ ಕೇಳಲ್ಲ, ಕರ್ಕೊಂಡುಬಿಡಿ," ಎಂದು ಗಂಡನನ್ನು ದಾನ ಮಾಡಿ ಬಂದಳು.

ಎರ್ಲೆನೌದಲ್ಲಿರುವುದು ಪುದೀನದ ಮ್ಯೂಸಿಯಂ. ಚಟ್ನಿಗೆ ಅರೆಯುವ ಪುದೀನವಲ್ಲ. ಒಂದೆಲೆ ಬಾಯಿಗಿಟ್ಟರೆ ಮೂಗಿನವರೆಗೆ ತಂಗಾಳಿ ಬೀಸುವ, ಪೆಪ್ಪರ್‌ಮೆಂಟು ಮಾಡುವ ಖಾರದ ಜಾತಿ. ಒಂದು ಕಾಲದಲ್ಲಿ ಊರಿಗೆ ಊರೇ ಇದನ್ನು ಬೆಳೆದು, ಅಟ್ಟದ ಮೇಲೆ ಒಣಗಿಸಿ, ಮ್ಯೂನಿಕ್ಕಿನ ಔಷಧಿ ಅಂಗಡಿಗಳಿಗೆ ಮೂಟೆಗಟ್ಟಲೆ ಕಳಿಸುತ್ತಿತ್ತು. ಆಮೇಲೆ ಹೊರಗಿನಿಂದ ಅಗ್ಗದ ಎಲೆ ಬಂತು, ಹೊಲಗಳ ಮೇಲೆ ಮನೆಗಳೆದ್ದವು. ಉಳಿದದ್ದೆಂದರೆ ಹಳೆಯ ಅಗ್ನಿಶಾಮಕ ಬಂಡಿಯ ಕೊಟ್ಟಿಗೆಯಲ್ಲಿ ಎರಡು ಕೋಣೆ, ಅದರಲ್ಲಿ ಕುಡುಗೋಲು, ಜರಡಿ, ಟೀ ಪೊಟ್ಟಣ. ಕೊಟ್ಟಿಗೆಯ ಮುಂದೆ ಮಂಚದಗಲದ ಒಂದು ಪಾತಿ. ಇಷ್ಟನ್ನೂ ಕಟ್ಟಿ ನಿಲ್ಲಿಸಿದವರು ಹೆಡ್‌ವಿಗ್ ಟೀಚರ್. ವಯಸ್ಸು ತೊಂಬತ್ತರ ಹತ್ತಿರ. ಊರಿನ ಅರ್ಧ ಜನರಿಗೆ ಅಕ್ಷರ ಕಲಿಸಿದವರು, ಇನ್ನರ್ಧ ಜನರ ಕಿವಿ ಹಿಂಡಿದವರು. ಕ್ವಿರಿನ್ ಎರಡನೆಯ ಗುಂಪಿಗೆ ಸೇರಿದವನು.

ಕಾವಲಿಗೆ ನಿಂತ ಮೊದಲ ದಿನವೇ ಕ್ವಿರಿನ್ ಪಾತಿಯ ಪಕ್ಕದಲ್ಲೊಂದು ಫಲಕ ನೆಟ್ಟ: "ಮುಟ್ಟಬಾರದು. ಕೀಳಬಾರದು. ಕಿತ್ತವರನ್ನು ಹಿಡಿಯಲಾಗುವುದು." ಪ್ರತಿ ಭಾನುವಾರ ಮಧ್ಯಾಹ್ನ ರೈಲ್ವೆಯ ಹಳೇ ಟೋಪಿ ಹಾಕಿ, ಎದೆಗೆ ಮ್ಯೂಸಿಯಮ್ಮಿನ ಬಿಲ್ಲೆ ಚುಚ್ಚಿಕೊಂಡು, ಬಂದವರ ಕೈಗಳನ್ನು ನೋಡುತ್ತ ನಿಲ್ಲುತ್ತಿದ್ದ. ಮೂರು ಗಂಟೆಗೆ ಟೀಚರು ಒಳಗಿಂದ "ಕ್ವಿರಿನ್, ಟೀ ಆಯ್ತು ಬಾ" ಎಂದು ಕೂಗಿದಾಗ ಮಾತ್ರ ಒಳಗೆ ಹೋಗಿ ಒಂದು ಕಪ್ ಕುಡಿದು ಬರುತ್ತಿದ್ದ. ಮ್ಯೂಸಿಯಂ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, "ನಾನು ಕಾವಲಿಗೆ ಬಂದ ಮೇಲೆ ಈ ಪಾತಿಯಿಂದ ಒಂದು ಬೇರು ಆಚೆ ಹೋಗಿದ್ರೆ ನನ್ನ ಹೆಸರು ಕ್ವಿರಿನ್ ಅಲ್ಲ," ಎಂದು ಘೋಷಿಸಿದ. ಸಭೆ ಯಾಕೋ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಕೆಮ್ಮಿದರು.

ಕೆಮ್ಮಿಗೆ ಕಾರಣವಿತ್ತು. ಎರ್ಲೆನೌದಲ್ಲಿ ಅಜ್ಜಿಯರ ಕಾಲದಿಂದ ಬಂದ ನಂಬಿಕೆಯೊಂದಿದೆ. ಬೇರನ್ನು ಕೇಳಿ ತಂದರೆ ಹಿಡಿಯುವುದಿಲ್ಲ, ಕೊಂಡು ತಂದರೆ ಸೊರಗುತ್ತದೆ, ಕದ್ದು ತಂದರೆ ಮಾತ್ರ ಸೊಂಪಾಗಿ ಹಬ್ಬುತ್ತದೆ. ತಪ್ಪಿ ಯಾರಾದರೂ ಕೈಯೆತ್ತಿ ಕೊಟ್ಟೇಬಿಟ್ಟರೆ "ದೇವರು ಒಳ್ಳೇದು ಮಾಡ್ಲಿ" ಎಂದು ಧನ್ಯವಾದ ಹೇಳಬಾರದು. ಹೇಳಿದರೆ ಬೇರು ಅಲ್ಲೇ ಒಣಗುತ್ತದೆ. ಇದು ಕ್ವಿರಿನ್‌ಗೂ ಗೊತ್ತಿತ್ತು. ಆದರೆ ತನ್ನ ಟೋಪಿಯನ್ನು ನೋಡಿದ ಮೇಲೂ ಕದಿಯುವ ಧೈರ್ಯ ಈ ಊರಿನಲ್ಲಿ ಯಾರಿಗಾದರೂ ಇದ್ದೀತು ಎಂಬುದು ಅವನ ಕನಸಿನಲ್ಲೂ ಬಂದಿರಲಿಲ್ಲ.

ಹೀಗಿರುವಾಗ ಊರಿನ ವಾದ್ಯತಂಡಕ್ಕೆ ತಾಲೀಮಿನ ಕೋಣೆ ಬೇಕಾಯಿತು. ತಂಡದ ಮುಖ್ಯಸ್ಥ ಕಾಸ್ಪರ್; ಕಸುಬಿನಲ್ಲಿ ಮಾಂಸದಂಗಡಿಯವನು, ನುಡಿಸುವುದು ಟ್ಯೂಬಾ ಎಂಬ ಅಗಲ ಬಾಯಿಯ ಹಿತ್ತಾಳೆ ಕಹಳೆ. ಮನುಷ್ಯನೂ ವಾದ್ಯವೂ ಒಂದೇ ಅಳತೆ. "ಸತ್ತ ಕುಡುಗೋಲಿಗೆ ಎರಡು ಕೋಣೆ, ಬದುಕಿರೋ ಸಂಗೀತಕ್ಕೆ ಬೀದಿಯಾ?" ಎಂದು ಅವನು ಮೇಯರ್ ರುಪರ್ಟ್‌ನ ತಲೆ ತಿಂದ. ಕೊನೆಗೆ ಪಂಚಾಯಿತಿ ಒಂದು ತೀರ್ಮಾನಕ್ಕೆ ಬಂತು: ಮ್ಯೂನಿಕ್ಕಿನಿಂದ ಸಸ್ಯತಜ್ಞೆ ಡಾಕ್ಟರ್ ಎಬರ್ಲೆ ಭಾನುವಾರ ಎರಡು ಗಂಟೆಗೆ ಬರುತ್ತಾರೆ, ಊರಿನ ಹಳೆಯ ತಳಿ ಜೀವಂತವಾಗಿದೆ ಎಂದು ಅವರು ಹೇಳಿದರೆ ಕೋಣೆ ಮ್ಯೂಸಿಯಮ್ಮಿಗೆ, ಇಲ್ಲವಾದರೆ ವಾದ್ಯತಂಡಕ್ಕೆ.

ಕ್ವಿರಿನ್ ಮಾಡಿದ ಘನಕಾರ್ಯ ಇಲ್ಲಿಂದ ಶುರು.

ತುರಿಕೆಸೊಪ್ಪನ್ನು ಪೀಪಾಯಿಯಲ್ಲಿ ನೀರು ಹಾಕಿ ಕೊಳೆಸಿದರೆ ಗಿಡಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ವಾಸನೆಗೆ ಸತ್ತ ಇಲಿಯೂ ಎದ್ದು ಓಡಿಹೋಗಬೇಕು, ಅದು ಬೇರೆ ಮಾತು. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಹಾಕಬೇಕೆಂಬುದು ಎರ್ಲೆನೌದ ಕೋಳಿಗಳಿಗೂ ಗೊತ್ತು. ಆದರೆ ಕ್ವಿರಿನ್ ಯೋಚಿಸಿದ: ನೀರು ಬೆರೆಸುವುದು ಸಾಧಾರಣ ದಿನಗಳಿಗೆ. ಬರುತ್ತಿರುವವರು ಡಾಕ್ಟರು. ಹಾಗೆಂದು ಶುಕ್ರವಾರ ಮಟಮಟ ಮಧ್ಯಾಹ್ನ ಅಪ್ಪಟ ಕೊಳೆನೀರನ್ನು ಪಾತಿಗೆ ಸುರಿದ. ಸಾರ ಆವಿಯಾಗಿ ಹೋಗಬಾರದೆಂದು ಮೇಲೊಂದು ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟ. ಜೂನ್ ತಿಂಗಳ ಬಿಸಿಲು ಎರಡು ದಿನ ಆ ಟಾರ್ಪಾಲಿನ ಮೇಲೆ ಉರಿಯಿತು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಇದಂತೂ ಮೊದಲೇ ಅಮೃತವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು, ಟೋಪಿ, ಬಿಲ್ಲೆ ಧರಿಸಿ ಬಂದ ಕ್ವಿರಿನ್ ಟಾರ್ಪಾಲಿನ ಒಂದು ಮೂಲೆ ಎತ್ತಿದ. ತಕ್ಷಣ ಬಿಟ್ಟ. ಮತ್ತೆ ಎತ್ತಿದ. ಒಲೆಯ ಮೇಲಿಟ್ಟು ಮರೆತ ಸೊಪ್ಪಿನ ಹಾಗೆ ಪಾತಿಯೆಲ್ಲ ಕಪ್ಪಗೆ, ಲೋಳೆಯಾಗಿ ಮಲಗಿತ್ತು. ಹಸಿರು ಎಂಬುದು ಒಂದು ಚುಕ್ಕೆಯೂ ಇರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಜಗತ್ತಿನಲ್ಲಿ ಎರ್ಲೆನೌ ಪುದೀನ ಇದ್ದದ್ದು ಈ ಒಂದು ಪಾತಿಯಲ್ಲಿ. ಹಾಗೆಂದು ಸಭೆಯಲ್ಲಿ ಎದ್ದು ನಿಂತು ಸಾರಿದವನೂ ಅವನೇ. ಟೀಚರ ಮುಖ ನೆನಪಾಗಿ ಕ್ವಿರಿನ್ ಟಾರ್ಪಾಲಿನ ಮೂಲೆಯನ್ನು ಮತ್ತೆ ಮುಚ್ಚಿ ಕಲ್ಲಿಟ್ಟ.

"ಏನಯ್ಯಾ ಕ್ವಿರಿನ್, ಏನದು ವಾಸನೆ? ಯಾರು ಸತ್ತದ್ದು?"

ತಿರುಗಿ ನೋಡಿದರೆ ಕಾಸ್ಪರ್. ಕೈಯಲ್ಲಿ ಅಳತೆಯ ಟೇಪು. ಕೋಣೆಯಲ್ಲಿ ಎಷ್ಟು ಕುರ್ಚಿ ಹಿಡಿಯುತ್ತದೆಂದು ನೋಡಲು ಬಂದಿದ್ದ. ಕ್ವಿರಿನ್ ಧಪ್ಪನೆ ಟಾರ್ಪಾಲಿನ ಮೇಲೆಯೇ ಕೂತುಬಿಟ್ಟ. ಕೆಳಗಿನಿಂದ ಪಚಕ್ಕೆಂದು ಸದ್ದಾಯಿತು.

"ಹತ್ತಿರ ಬರ್ಬೇಡ!"

"ಯಾಕೋ?"

"ಇದು... ಮುಚ್ಚಿದೆ. ಡಾಕ್ಟರ್ ಬರೋವರೆಗೂ ಯಾರೂ ನೋಡೋ ಹಾಗಿಲ್ಲ. ಕೆಲವು ವಿಷಯ ವಿಚಾರಣೆ ಆಗ್ಬೇಕಾಗಿದೆ."

ಬೇರೇನೂ ತೋಚದೆ ಆಡಿದ ಮಾತು ಅದು. ಆದರೆ ಕಾಸ್ಪರ್‌ನ ಕೆಂಪು ಮುಖ ಅವನ ಅಂಗಡಿಯ ಬಿಳಿ ಸಾಸೇಜಿನ ಬಣ್ಣಕ್ಕೆ ಬಂತು. "ವಿಚಾರಣೆನಾ? ಪುದೀನದ್ದಾ?" ಎಂದ. "ಪುದೀನದ್ದೇ," ಎಂದ ಕ್ವಿರಿನ್. ಕಾಸ್ಪರ್ ಟೇಪನ್ನು ಜೇಬಿಗೆ ತುರುಕಿ, ಒಂದು ಕುರ್ಚಿಯ ಜಾಗವನ್ನೂ ಅಳೆಯದೆ, ಆ ಮೈ ಹೊತ್ತುಕೊಂಡು ಓಡುವ ನಡಿಗೆಯಲ್ಲಿ ಮನೆಯತ್ತ ಹೋದ.

ಕ್ವಿರಿನ್ ತಲೆ ಮೇಲೆ ಕೈಹೊತ್ತು ಕೂತ. ಕೂತಲ್ಲೇ ಒಂದು ಆಸೆ ಮೊಳೆಯಿತು. ಅಕಸ್ಮಾತ್ ಯಾರಾದರೂ ಕದ್ದಿದ್ದರೆ? ಒಬ್ಬನೇ ಒಬ್ಬ, ದೇವರಂಥ ಕಳ್ಳ? ತನ್ನ ಕಾವಲಿಗೆ ಮಣ್ಣೆರಚಿ ಒಂದೇ ಒಂದು ಬೇರು ಹಿತ್ತಿಲಿಗೆ ಸಾಗಿಸಿದ್ದರೆ? ಒಬ್ಬ ಕಳ್ಳನೂ ಇಲ್ಲವೆಂದು ಎದೆ ತಟ್ಟಿಕೊಂಡವನು, ಈಗ ಒಬ್ಬನಾದರೂ ಇರಲಪ್ಪಾ ಎಂದು ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಮೇಣದಬತ್ತಿಯ ಹರಕೆ ಹೊತ್ತ. ಪಾತಿ ಸತ್ತಿದೆಯೆಂದು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಆ ಮಾತು ಕಾಸ್ಪರ್‌ನ ಕಿವಿಗೆ, ಅಲ್ಲಿಂದ ಮೇಯರ ಕಿವಿಗೆ, ಅಲ್ಲಿಗೆ ಮ್ಯೂಸಿಯಮ್ಮಿನ ಕಥೆ ಮುಗಿಯಿತು. ಉಪಾಯವಾಗಿ ಕೇಳಬೇಕು.

ಉಪಾಯವಾಗಿ ಕೇಳಲು ಮೊದಲು ಹೋದದ್ದು ಎದುರುಮನೆಯ ವಾಲ್ಬುರ್ಗಾ ಅಜ್ಜಿಯ ಬಾಗಿಲಿಗೆ. ಟೋಪಿ ತೆಗೆಯಲು ಮರೆತಿದ್ದ.

"ಅಜ್ಜಿ, ನಿಮ್ಮ ಹಿತ್ತಿಲಲ್ಲಿ ಪುದೀನ ಇದೆಯಾ? ನಮ್ಮ ಪಾತಿಯದ್ದು?"

ಅಜ್ಜಿ ಬಾಗಿಲನ್ನು ಅರ್ಧ ಮುಚ್ಚಿದಳು. "ಪುದೀನಾನಾ? ಅದ್ನ ಕಣ್ಣಲ್ಲಿ ನೋಡಿ ಎಷ್ಟು ವರ್ಷ ಆಯ್ತೋ ನನ್ನಪ್ಪ."

"ಇದ್ರೆ ಈಗ್ಲೇ ಹೇಳ್ಬಿಡಿ ಅಜ್ಜಿ. ಎರಡು ಗಂಟೆಗೆ ಡಾಕ್ಟರ್ ಬಂದ್ಬಿಡ್ತಾರೆ. ಆಮೇಲೆ ಹೇಳಿದ್ರೆ ನಾನು ಏನೂ ಮಾಡೋಕಾಗಲ್ಲ."

ಪಾಪ, ಅವನು ಬೇಡಿಕೊಳ್ಳುತ್ತಿದ್ದ. ಆದರೆ ಟಿಕೆಟ್ ಇಲ್ಲದ ಪ್ರಯಾಣಿಕರ ಮುಂದೆ ಮೂವತ್ತು ವರ್ಷ ಇದೇ ಮಾತನ್ನು ಇದೇ ದನಿಯಲ್ಲಿ ಆಡಿದವನು ಅವನು. ಬೇಡಿಕೊಳ್ಳಲು ಬೇರೆ ದನಿ ಗಂಟಲಲ್ಲಿ ಇರಲೇ ಇಲ್ಲ. ಅಜ್ಜಿ, "ಈ ವಯಸ್ಸಲ್ಲಿ ನನ್ನ ಕೋರ್ಟಿಗೆ ಹತ್ತಿಸ್ತೀಯೇನೋ!" ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಟೆಲಿಫೋನು ತಿರುಗಿಸಿದ ಸದ್ದು. ಸ್ವಲ್ಪ ಹೊತ್ತಿಗೆ ಹಿತ್ತಿಲಲ್ಲಿ ಗುದ್ದಲಿಯ ಸದ್ದು. ಭಾನುವಾರವೂ ಆಲೂಗಡ್ಡೆ ಅಗೆಯುತ್ತಾಳಲ್ಲ, ಎಂಥ ಗಟ್ಟಿ ಜೀವ ಎಂದು ಕ್ವಿರಿನ್ ಮೆಚ್ಚಿಕೊಂಡು ಮುಂದೆ ಹೋದ.

ಬೇಕರಿಯ ಎಗಿಡ್ ಬಾಗಿಲಲ್ಲೇ ಕಾಯುತ್ತಿದ್ದ. ಕೈತುಂಬ ಮಣ್ಣು, ಹಿಟ್ಟಿರಬೇಕಾದ ಕೈ ಅದು.

"ಎಗಿಡ್, ನಾನು ಯಾರಿಗೂ ತೊಂದರೆ ಕೊಡಕ್ಕೆ ಬಂದಿಲ್ಲ," ಎಂದ ಕ್ವಿರಿನ್. "ಒಂದೇ ಒಂದು ಬೇರು ಸಿಕ್ರೆ ಸಾಕು."

"ಒಂದೇ ಬೇರು ಸಾಕಾ?" ಎಗಿಡ್ ಮಣ್ಣಿನ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟ.

"ಸಾಕಪ್ಪ. ಒಂದು ಸಿಕ್ರೆ ಎಲ್ಲಾ ಅಲ್ಲಿಗೇ ತೀರ್ಮಾನ ಆಗುತ್ತೆ."

"ಅಷ್ಟೊಂದು ಕಠಿಣಾನಾ?"

"ಏನು ಮಾಡೋದು? ಡಾಕ್ಟರು ಬೇರನ್ನ ಮೂಸಿ ನೋಡಿಯೇ ಹೇಳ್ಬಿಡ್ತಾರಂತೆ, ಇದು ಎಲ್ಲಿಂದ ಬಂದದ್ದು ಅಂತ."

ಎಗಿಡ್ ಗೋಡೆಗೆ ಒರಗಿಕೊಂಡ. "ನನಗೆ ಮೂರು ಹೆಣ್ಣುಮಕ್ಕಳಿದ್ದಾರೆ ಕ್ವಿರಿನ್," ಎಂದ. ಇದಕ್ಕೂ ಪುದೀನಕ್ಕೂ ಏನು ಸಂಬಂಧವೆಂದು ಕ್ವಿರಿನ್‌ಗೆ ತಿಳಿಯಲಿಲ್ಲ. ದೊಡ್ಡವಳ ಮದುವೆ ಯಾವಾಗ ಎಂದು ಉಪಚಾರಕ್ಕೆ ಕೇಳಿ ಹೊರಟ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಎರ್ಲೆನೌದಲ್ಲಿ ಆ ಬೆಳಿಗ್ಗೆ ಮುಟ್ಟಿಕೊಳ್ಳದ ಹೆಗಲೇ ಇರಲಿಲ್ಲ. ಕ್ವಿರಿನ್ ಒಂದು ಬೀದಿಯಲ್ಲಿ ಬಾಗಿಲು ತಟ್ಟುವಷ್ಟರಲ್ಲಿ ಮುಂದಿನ ಬೀದಿಗೆ ಫೋನು ಮುಟ್ಟಿರುತ್ತಿತ್ತು. ಪಾತಿಗೆ ಮೊಹರು ಬಿದ್ದಿದೆಯಂತೆ. ಮ್ಯೂನಿಕ್ಕಿನಿಂದ ಬರುತ್ತಿರುವವರು ಸಸ್ಯದ ಡಾಕ್ಟರಲ್ಲವಂತೆ, ಸಸ್ಯದ ಪೊಲೀಸಂತೆ. ಎಲೆಯಲ್ಲೇ ಬೆರಳಚ್ಚು ತೆಗೆಯುತ್ತಾರಂತೆ. ಅವನು ಹೋದ ಮನೆಗಳಲ್ಲೆಲ್ಲ ಅವನ ಬೆನ್ನ ಹಿಂದೆ ಗುದ್ದಲಿ ಎದ್ದಿತು. ಉಳಿಸಲು ಹೊರಟವನ ಹೆಜ್ಜೆಹೆಜ್ಜೆಗೂ ಊರಿನ ಪುದೀನ ಒಂದೊಂದೇ ಹಿತ್ತಿಲಾಗಿ ನಿರ್ವಂಶವಾಗುತ್ತ ಬಂತು.

ಕೊನೆಗೆ ಪೂಜೆಯ ಗಂಟೆ ಹೊಡೆಯುವ ಮುಂಚೆ ಫಾದರ್ ಆನ್ಸೆಲ್ಮ್ ಬಳಿ ಓಡಿದ. "ಫಾದರ್, ನೀವಂತೂ ಸುಳ್ಳು ಹೇಳಲ್ಲ. ನಿಮ್ಮ ಮನೆ ಹಿಂದೆ—"

"ಕ್ವಿರಿನ್," ಎಂದರು ಫಾದರು ಅವಸರದಲ್ಲಿ ನಿಲುವಂಗಿ ತೊಡುತ್ತ, "ಕ್ಷಮೆ ಅನ್ನೋದು ಎಲ್ಲಕ್ಕಿಂತ ದೊಡ್ಡ ಗುಣ. ಇವತ್ತು ಅದರ ಮೇಲೇ ಪ್ರವಚನ ಮಾಡ್ತೀನಿ." ನಿಲುವಂಗಿಯ ತೋಳಿನಿಂದ ಮಣ್ಣಿನ ಹೆಂಟೆಯೊಂದು ಉದುರಿತು.

ಇಗರ್ಜಿ ಕಿಕ್ಕಿರಿದಿತ್ತು. ಕ್ವಿರಿನ್ ಆಫ್ರಾಳ ಪಕ್ಕ ಕುಸಿದು ಕೂತ. ಆಫ್ರಾ ಕೈಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅವನಿಂದ ಅರ್ಧ ಮೊಳ ದೂರ ಸರಿದಳು. ಮೊದಲ ಹಾಡು ಮುಗಿಯುವಷ್ಟರಲ್ಲಿ ಅವನ ಮೂಗಿಗೆ ವಾಸನೆ ಬಂತು. ತಣ್ಣಗೆ, ಖಾರವಾಗಿ, ಧೂಪವನ್ನೂ ಮೀರಿ. ಪುದೀನ! ಮುಂದಿನ ಸಾಲಿಂದ ಪುದೀನ, ಹಿಂದಿನ ಸಾಲಿಂದ ಪುದೀನ, ಪೀಠದ ಕಡೆಯಿಂದಲೂ ಪುದೀನ. ಕೊಂದವನಿಗೆ ಎಲ್ಲೆಲ್ಲೂ ಸತ್ತವನೇ ಕಾಣುತ್ತಾನಂತೆ. ತನಗೆ ಹುಚ್ಚು ಹಿಡಿಯುತ್ತಿದೆಯೆಂದು ಅವನು ಬೆವರಿದ. ಜನ ಅವನ ಅರಳಿದ ಮೂಗನ್ನು ನೋಡಿ ಬೆವರಿದರು. ಅವನು ಎಡಕ್ಕೆ ತಿರುಗಿದರೆ ಎಡಸಾಲಿನ ಕೈಚೀಲಗಳೆಲ್ಲ ಬೆಂಚಿನ ಕೆಳಗೆ ಹೋದವು. ಬಲಕ್ಕೆ ತಿರುಗಿದರೆ ಬಲಸಾಲಿನ ಗಂಡಸರು ಕೋಟಿನ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಕಿತ್ತ ಗಿಡವನ್ನು ಮನೆಯಲ್ಲಿ ಬಿಟ್ಟರೆ ಇವನು ಹುಡುಕಿ ತೆಗೆಯುತ್ತಾನೆಂದು ಎಲ್ಲರೂ ಮೈಮೇಲೇ ತಂದಿದ್ದರು.

ಪೂಜೆ ಮುಗಿದು ಜನ ಹೊರಗೆ ಬಂದರು. ಪದ್ಧತಿಯಂತೆ ಬಾಗಿಲಲ್ಲಿ ವಾದ್ಯತಂಡ ಮೆರವಣಿಗೆಯ ರಾಗವೊಂದನ್ನು ನುಡಿಸಬೇಕು. ಕಾಸ್ಪರ್ ಕೆನ್ನೆ ಉಬ್ಬಿಸಿ ಊದಿದ. ಟ್ಯೂಬಾದಿಂದ "ಪುಸ್" ಎಂದು ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಮತ್ತೆ ಊದಿದ, ಮುಖ ನೀಲಿಯಾಯಿತು. ತಂಡ ಟ್ಯೂಬಾ ಇಲ್ಲದೆ ಕುಂಟುತ್ತ ಮುಗಿಸಿತು.

ಆಮೇಲೆ ಎಂದೂ ನಡೆಯದ್ದು ನಡೆಯಿತು. ಹೆಂಡದಂಗಡಿಯ ಅಂಗಳದಲ್ಲಿ ಬಿಳಿ ಸಾಸೇಜು ಬಿಸಿಬಿಸಿಯಾಗಿ ಕಾಯುತ್ತಿದ್ದರೂ ಯಾರೊಬ್ಬರೂ ಆ ಕಡೆ ತಿರುಗಲಿಲ್ಲ. ಊರಿಗೆ ಊರೇ, ಒಬ್ಬರನ್ನೊಬ್ಬರು ನೋಡದೆ, ಹೊಳೆಯ ಸೇತುವೆಯ ಕಡೆ ನಡೆಯತೊಡಗಿತು. ಆ ಬಿಳಿ ಸಾಸೇಜು ಮಧ್ಯಾಹ್ನದ ಗಂಟೆ ಕೇಳಿಸಿಕೊಳ್ಳಬಾರದು, ಅಷ್ಟರೊಳಗೆ ಹೊಟ್ಟೆ ಸೇರಬೇಕು ಎನ್ನುವ ಜನ ಇವರು. ಇವರು ಸಾಸೇಜು ಬಿಟ್ಟು ಹೊಳೆಗೆ ಹೊರಟಿದ್ದಾರೆಂದರೆ ಸಾಮಾನ್ಯ ಸಂಗತಿಯಲ್ಲವೆಂದು ಕ್ವಿರಿನ್‌ಗೂ ಹೊಳೆಯಿತು. ವಾಸನೆಯೂ ಅವರ ಜೊತೆಗೇ ಹೊರಟಿತ್ತು.

ಅವನ ಮಂಡೆಯಲ್ಲಿ ಏನೋ ಕ್ಲಿಕ್ಕೆಂದಿತು. ಓಡಿದ. ಜನರನ್ನು ತಳ್ಳಿಕೊಂಡು ಓಡಿ ಸೇತುವೆಯ ನಡುವೆ ಕಾಲು ಅಗಲಿಸಿ ನಿಂತು ಕೈ ಮುಂದೆ ಚಾಚಿದ.

"ನಿಲ್ಲಿ! ಯಾರೂ ಮುಂದೆ ಹೋಗೋ ಹಾಗಿಲ್ಲ! ಎಲ್ಲಾರೂ ಚೀಲ ತೋರಿಸಿ!"

ಬಾಯಿಗೆ ಬೇರೆ ಮಾತು ಬಂದಿದ್ದರೆ ಚೆನ್ನಾಗಿತ್ತು. ವಾಲ್ಬುರ್ಗಾ ಅಜ್ಜಿ ಚೀರಿದಳು. ಮಫ್ಲರಿನ ಒಳಗಿಂದ ಒಂದು ಕಟ್ಟು ತೆಗೆದು ಬೀಸಿ ಹೊಳೆಗೆ ಎಸೆದಳು. ಹಿಂದೆಯೇ ಎಗಿಡ್‌ನದೊಂದು ಕಟ್ಟು ಹೋಯಿತು. ಕ್ವಿರಿನ್ ಸೇತುವೆಯ ಕಂಬಿ ಹಿಡಿದು ಬಗ್ಗಿದ. ನೇರಳೆ ದಂಟು, ಗಾಢ ಹಸಿರಿನ ಚೂಪು ಎಲೆ. ಎರ್ಲೆನೌದ ಅಸಲಿ ಪುದೀನ ನೀರಿನ ಮೇಲೆ ತೇಲುತ್ತ ಸೇತುವೆಯ ಕೆಳಗೆ ಮರೆಯಾಯಿತು.

"ಅಯ್ಯೋ, ಹಾಕ್ಬೇಡ್ರೋ! ಹಾಕ್ಬೇಡಿ!" ಎಂದು ಕೂಗಿ ಅವನು ಸೇತುವೆಯ ಮೇಲೆ ಕೂತೇಬಿಟ್ಟ. ಟೋಪಿ ತೆಗೆದ. ಬಿಲ್ಲೆ ಕಿತ್ತು ಟೋಪಿಯೊಳಗೆ ಹಾಕಿದ. "ನಾನು ಹಿಡಿಯಕ್ಕೆ ಬಂದಿಲ್ಲ. ಬೇಡಕ್ಕೆ ಬಂದಿದ್ದೀನಿ. ಪಾತಿ ಸತ್ತೋಯ್ತು. ನಾನೇ ಕೊಂದೆ."

ಗುಂಪು ದಾರಿ ಬಿಟ್ಟಿತು. ಕೋಲೂರಿಕೊಂಡು ಹೆಡ್‌ವಿಗ್ ಟೀಚರ್ ಮುಂದೆ ಬಂದರು. ಅವರ ಮುಖದಲ್ಲಿ ಕೋಪವಿದ್ದಿದ್ದರೆ ಕ್ವಿರಿನ್ ತಡೆದುಕೊಳ್ಳುತ್ತಿದ್ದ. ಕೋಪವಿರಲಿಲ್ಲ. ಮನೆಗೆ ಸಾವಿನ ಸುದ್ದಿ ತಂದವನನ್ನು ನೋಡುವಂತೆ ನೋಡಿದರು. ಅವನಿಗೆ ಹೊಳೆಗೆ ಹಾರಬೇಕೆನ್ನಿಸಿತು.

"ಏನು ಹಾಕ್ದೆ?"

"ತುರಿಕೆಸೊಪ್ಪಿನ ಕೊಳೆನೀರು ಟೀಚರ್."

"ನೀರು ಎಷ್ಟು ಬೆರೆಸ್ದೆ?"

"ಬೆರೆಸ್ಲಿಲ್ಲ ಟೀಚರ್."

"ಒಂದಕ್ಕೆ ಹತ್ತು ಅಂತ ಎರಡನೇ ಕ್ಲಾಸಲ್ಲೇ ಹೇಳಿಕೊಟ್ಟಿದ್ದೆ. ಆಗ್ಲೂ ಲೆಕ್ಕದಲ್ಲಿ ನೀನು ದಡ್ಡನೇ." ಟೀಚರು ನಿಟ್ಟುಸಿರು ಬಿಟ್ಟರು. "ಪ್ರತಿ ಭಾನುವಾರ ಮೂರು ಗಂಟೆಗೆ ನಿನ್ನ ಒಳಗೆ ಕರೆದು ಟೀ ಕೊಡ್ತಿದ್ದೆನಲ್ಲ, ಯಾಕೆ ಅಂದ್ಕೊಂಡಿದ್ದೆ?"

"ನನ್ನ ಮೇಲಿನ ಪ್ರೀತಿಗೆ..."

"ಪ್ರೀತಿಗಂತೆ! ನೀನು ಒಳಗೆ ಬರ್ದಿದ್ರೆ ಇವರೆಲ್ಲಾ ಕದಿಯೋದು ಯಾವಾಗ?"

ಗುಂಪು ತನ್ನ ಬೂಟುಗಳನ್ನು ನೋಡಿಕೊಂಡಿತು. ಮನಸ್ಸು ಕರಗಿದ ಒಬ್ಬ ಹೆಂಗಸು ಚೀಲದಿಂದ ಕಟ್ಟೊಂದನ್ನು ತೆಗೆದು ಅವನತ್ತ ಚಾಚಿದಳು. ಟೀಚರು ಕೋಲಿನಿಂದ ಅವಳ ಕೈ ತಡೆದರು. "ಏ, ಕೊಡ್ಬೇಡ! ಕೊಟ್ರೆ ಹಿಡಿಯಲ್ಲ. ಎರಡು ಗಂಟೆಗೆ ಹೆಣ ನೆಟ್ಟು ತೋರಿಸ್ಬೇಕಾ?"

ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಕೊಡುವ ಹಾಗಿಲ್ಲ. ಕೇಳುವ ಹಾಗಿಲ್ಲ. ಕ್ವಿರಿನ್ ಕದಿಯಬೇಕು.

"ನಾನಾ?" ಎಂದ ಕ್ವಿರಿನ್. "ಇಷ್ಟು ಜನರ ಮುಂದೆನಾ?"

ಎಲ್ಲರ ಕಣ್ಣು ಕಾಸ್ಪರ್‌ನ ಮೇಲಿತ್ತು. ಅವನು ಸುಮ್ಮನೆ ನಿಂತು ಎರಡು ಗಂಟೆಯವರೆಗೆ ಕಾದರೆ ಸಾಕು, ಕೋಣೆ ಅವನದೇ. ಪಕ್ಕದಲ್ಲೇ ಮೇಯರ್ ರುಪರ್ಟ್ ಇದ್ದಾನೆ. ಎಲ್ಲವನ್ನೂ ಕಿವಿಯಾರೆ ಕೇಳಿದ್ದಾನೆ. ಕಾಸ್ಪರ್ ಒಮ್ಮೆ ತನ್ನ ತಂಡವನ್ನು ನೋಡಿದ, ಒಮ್ಮೆ ಟೀಚರನ್ನು ನೋಡಿದ. ಟ್ಯೂಬಾವನ್ನು ಈ ತೋಳಿಂದ ಆ ತೋಳಿಗೆ ಬದಲಾಯಿಸಿದ.

"ಈ ಟೋಪಿಯವನ ಕಣ್ಣು ತಪ್ಪಿಸಿ ಆ ಪಾತಿಗೆ ಕೈಹಾಕೋದಿದೆಯಲ್ಲ," ಎಂದ ಕೊನೆಗೆ, ಯಾರಿಗೂ ಅಲ್ಲದ ಹಾಗೆ, "ವಾರವೆಲ್ಲಾ ಹಂದಿ ಕಡಿಯೋನಿಗೆ ಅದೊಂದೇ ಕಣಯ್ಯಾ ಸುಖ. ಮ್ಯೂಸಿಯಂ ಹೋದ್ರೆ ನಾನು ಎಲ್ಲಿ ಕದೀಲಿ? ಕೋಣೆಯಂತೆ ಕೋಣೆ! ಬೀದೀಲಿ ನುಡಿಸಿದ್ರೆ ಟ್ಯೂಬಾ ಏನು ನೆಗಡಿ ಹಿಡ್ಕೊಳ್ಳುತ್ತಾ?" ಎಂದು ಟ್ಯೂಬಾವನ್ನು ಬಾಯಿ ಮೇಲಾಗಿ ನೆಲಕ್ಕಿಳಿಸಿದ. "ಭಾರ ಆಯ್ತಪ್ಪ. ಸ್ವಲ್ಪ ಹೊತ್ತು ಇಲ್ಲೇ ಇರ್ಲಿ. ನಾನು ಇಗರ್ಜಿ ಗಡಿಯಾರದಲ್ಲಿ ಗಂಟೆ ಎಷ್ಟಾಯ್ತು ಅಂತ ನೋಡ್ತೀನಿ."

ಅವನು ಬೆನ್ನು ತಿರುಗಿಸಿ ಗೋಪುರದತ್ತ ನಿಂತ. ಟ್ಯೂಬಾದ ಬಾಯಿಂದ ಒಂದು ತೋಟದಷ್ಟು ಪುದೀನ ಇಣುಕುತ್ತಿತ್ತು.

ಎಗಿಡ್ ತನ್ನ ಚೀಲವನ್ನು ಕೆಳಗಿಟ್ಟು ತಿರುಗಿದ. ಅಜ್ಜಿ ಉಳಿದ ಕಟ್ಟಿನ ಸಮೇತ ಮಫ್ಲರು ಬಿಚ್ಚಿಟ್ಟು ತಿರುಗಿದಳು. ಫಾದರು ತೋಳು ಕೊಡವಿ ತಿರುಗಿದರು. "ನಾನು ಈವತ್ತು ಊರಲ್ಲೇ ಇಲ್ಲ," ಎನ್ನುತ್ತ ಮೇಯರೂ ತಿರುಗಿದ; ಅವನ ಕೋಟಿನ ಹಿಂದಿನ ಜೇಬಿನಿಂದಲೂ ಎರಡು ದಂಟು ಹೊರಗೆ ಬಂದಿದ್ದವು. ಎರ್ಲೆನೌ ಊರು ಸಮಸ್ತವೂ ಸೇತುವೆಯ ಮೇಲೆ ಬೆನ್ನು ಹಾಕಿ ನಿಂತು ಗಡಿಯಾರ ನೋಡತೊಡಗಿತು.

ಕ್ವಿರಿನ್‌ನಷ್ಟು ಕೆಟ್ಟ ಕಳ್ಳ ಹುಟ್ಟಿರಲಾರ. "ಕ್ಷಮಿಸಿ ಫಾದರ್," ಎಂದ. "ಕಳ್ಳ ಮಾತಾಡ್ಬಾರದು ಕಣೋ!" ಎಂದರು ಫಾದರು ಗಡಿಯಾರಕ್ಕೆ. ಒಂದು ಚೀಲ ಎತ್ತಿ, "ಇದು ಯಾರದ್ದು?" ಎಂದು ಅಭ್ಯಾಸಬಲದಿಂದ ಕೇಳಿದ. ಟೀಚರ ಕೋಲು ಅವನ ಮೊಣಕೈಗೆ ತಗುಲಿತು. ಟೋಪಿ ತುಂಬಿತು, ಕೋಟಿನ ಜೇಬು ತುಂಬಿತು. ಕೊನೆಯದು ಪರಿಚಿತ ಕೈಚೀಲ. ತೆರೆದು ನೋಡಿ ಅಲ್ಲೇ ನಿಂತ.

"ಆಫ್ರಾ! ನೀನೂನಾ?"

ಆಫ್ರಾ ತಿರುಗದೆ ಹೇಳಿದಳು: "ದಿನಾ ರಾತ್ರಿ ಊಟ ಆದ್ಮೇಲೆ ಹೊಟ್ಟೆ ಹಗುರ ಆಯ್ತು ಅಂತ ಚಪ್ಪರಿಸ್ಕೊಂಡು ಟೀ ಕುಡೀತಿದ್ಯಲ್ಲ, ಅದೇನು ಅಂಗಡಿದು ಅಂದ್ಕೊಂಡಿದ್ಯಾ?"

ಆಗ ಮಧ್ಯಾಹ್ನದ ಗಂಟೆ ಹೊಡೆಯಿತು. ಹೆಂಡದಂಗಡಿಯ ಸಾಸೇಜುಗಳು ಅದನ್ನು ಕೇಳಿಸಿಕೊಂಡವು. ಮಾಂಸದಂಗಡಿಯ ಕಾಸ್ಪರ್ ಒಮ್ಮೆ ಕಣ್ಣು ಮುಚ್ಚಿ ತೆರೆದ, ಆದರೆ ತಿರುಗಲಿಲ್ಲ.

ಡಾಕ್ಟರ್ ಎಬರ್ಲೆ ಬಂದಾಗ ಪಾತಿಯ ಕಪ್ಪು ಲೋಳೆಯನ್ನು ತೆಗೆದು, ಮಣ್ಣು ಮಗುಚಿ, ಬೇರುಗಳನ್ನು ನೆಟ್ಟು, ನೀರು ಹಾಕಿ ಆಗಿತ್ತು. ಗಿಡಗಳು ಮಾತ್ರ ತಲೆ ತಗ್ಗಿಸಿ ನಿಂತಿದ್ದವು, ಕ್ವಿರಿನ್‌ನಂತೆಯೇ. ಸುತ್ತ ಊರಿಡೀ ನೆರೆದಿತ್ತು. ಡಾಕ್ಟರು ಎತ್ತರದ, ನಗದ ಹೆಂಗಸು. ಬಗ್ಗಿ ನೋಡಿದರು. ಮಣ್ಣನ್ನು ಬೆರಳಿಂದ ಕೆದಕಿದರು. ಮೂಗು ಸಿಂಡರಿಸಿದರು.

"ಇದನ್ನ ನೆಟ್ಟು ಎರಡು ಗಂಟೆಯೂ ಆಗಿಲ್ಲ," ಎಂದರು.

ಮೇಯರ್ ಆಕಾಶ ನೋಡಿದ. ಟೀಚರು ಕೋಲನ್ನು ಬಿಗಿಯಾಗಿ ಹಿಡಿದರು. ಆ ಕೋಲಿನ ತುದಿ ನೆಲದ ಮೇಲೆ ಸಣ್ಣಗೆ ನಡುಗುವುದನ್ನು ಕ್ವಿರಿನ್ ಕಂಡ. ಇನ್ನು ಯಾವ ಉಪಾಯವೂ ಬೇಡವೆನ್ನಿಸಿತು.

"ಹೌದು ಡಾಕ್ಟರ್ ಮೇಡಂ. ಹಳೇ ಪಾತೀನ ನಾನು ಕೊಳೆನೀರು ಸುರಿದು ಸುಟ್ಟುಬಿಟ್ಟೆ. ಬುದ್ಧಿ ಇಲ್ಲದೆ. ಇದು ಕದ್ದ ಮಾಲು."

"ಎಲ್ಲಿಂದ?"

"ಊರಿಂದ. ಎಲ್ಲಾರ ಹಿತ್ತಿಲಿಂದ."

"ಅವರಿಗೆಲ್ಲಿಂದ ಬಂತು?"

"ಅವರು ಈ ಪಾತಿಯಿಂದ ಕದ್ದಿದ್ರು. ನಾನು ಕಾವಲಿದ್ದಾಗಲೇ."

ಡಾಕ್ಟರು ಒಂದೆಲೆ ಕಿತ್ತು ತಿಕ್ಕಿ ಮೂಸಿದರು. ಇನ್ನೊಂದನ್ನು ಬಾಯಿಗಿಟ್ಟು ಅಗಿದರು. ಅಗಿದರು, ಅಗಿದರು, ಮುಗಿಯಲಿಲ್ಲ. ಕಾಸ್ಪರ್‌ನ ಹೊಟ್ಟೆ ಗುಡುಗಿತು, ಯಾರೂ ನಗಲಿಲ್ಲ.

"ಒಂದೇ ಪಾತಿಯಲ್ಲಿದ್ದ ತಳೀನ ಒಬ್ಬ ದಡ್ಡ ಒಂದು ಬಕೆಟ್ಟಲ್ಲಿ ಮುಗಿಸಬಹುದು," ಎಂದರು ಕೊನೆಗೆ. "ಊರೆಲ್ಲಾ ಹಬ್ಬಿದ್ದನ್ನ ಮುಗಿಸಕ್ಕೆ ಆಗಲ್ಲ. ನಾನು ಬಂದದ್ದು ತಳಿ ಬದುಕಿದೆಯಾ ಅಂತ ನೋಡಕ್ಕೆ. ಬದುಕಿದೆ. ಎಲ್ಲಾ ಹಿತ್ತಿಲಲ್ಲೂ ಮತ್ತೆ ನೆಡಿ."

ಜನ ಹೋ ಎಂದು ಕೂಗಿದರು. ಕಾಸ್ಪರ್ ಟ್ಯೂಬಾ ಎತ್ತಿ ಊದಿದ. ಈ ಸಲ ಸ್ವರ ಬಂತು, ಜೊತೆಗೆ ನಾಲ್ಕೆಲೆಯೂ ಹಾರಿಬಂತು. ಟೀಚರು ಕ್ವಿರಿನ್‌ನ ಕಿವಿ ಹಿಡಿದು ಹಿಂಡಿದರು. ಹಿಂಡಿದ ಕೈಯನ್ನು ತುಸು ಹೊತ್ತು ಅವನ ಭುಜದ ಮೇಲೆ ಹಾಗೇ ಬಿಟ್ಟರು. ಕ್ವಿರಿನ್ ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟ.

ಎಲ್ಲರೂ ಟೀಗೆ ಒಳಗೆ ನುಗ್ಗಿದಾಗ ಡಾಕ್ಟರು ಹಿಂದುಳಿದರು. ಫಲಕವನ್ನು ಓದಿದರು. ಪಾತಿಯನ್ನು ನೋಡಿದರು. ತಮ್ಮ ಚೀಲದ ಬಾಯಿಯನ್ನು ತೆರೆದರು, ಮುಚ್ಚಿದರು.

"ಈಗ ಗಂಟೆ ಎಷ್ಟು?" ಎಂದು ಕೇಳಿದರು.

ಕ್ವಿರಿನ್ ಜೇಬಿನಿಂದ ರೈಲ್ವೆ ಗಡಿಯಾರ ತೆಗೆದ. "ಸರಿಯಾಗಿ—"

"ಅದರಲ್ಲಲ್ಲ. ಗೋಪುರದಲ್ಲಿ."

"ಗೋಪುರದ್ದು ಸ್ವಲ್ಪ ಹಿಂದಿದೆ ಮೇಡಂ. ನನ್ನದೇ ಕರಾರುವಾಕ್ಕು."

ಕಿಟಕಿಯಿಂದ ಟೀಚರ ದನಿ ಬಂತು. "ಕ್ವಿರಿನ್! ಗೋಪುರ ನೋಡು!"

ಆಗ ಅವನಿಗೆ ಅರ್ಥವಾಯಿತು. ಬೆನ್ನು ತಿರುಗಿಸಿ, ಎದೆಯುಬ್ಬಿಸಿ, ಇಡೀ ಜನ್ಮದಲ್ಲಿ ಗಡಿಯಾರವನ್ನೇ ಕಾಣದವನಂತೆ ಗೋಪುರವನ್ನು ದಿಟ್ಟಿಸಿದ. ಹಿಂದೆ ಮಣ್ಣು ಕದಲಿದ ಸದ್ದು, ಚೀಲ ಮುಚ್ಚಿದ ಸದ್ದು. ಡಾಕ್ಟರು ಕಾರು ಹತ್ತಿ, ಗಾಜಿಳಿಸಿ, "ದೇವರು ಒಳ್ಳೇ—" ಎಂದದ್ದೇ ತಡ, ಕಿಟಕಿಗಳಿಂದ ಊರೆಲ್ಲ ಒಂದೇ ದನಿಯಲ್ಲಿ "ಅನ್ಬೇಡಿ!" ಎಂದು ಅರಚಿತು. ಆ ನಗದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಹೋದರು.

ಮರುವಾರ ಕ್ವಿರಿನ್ ಫಲಕ ಕೀಳಲು ಗುದ್ದಲಿ ತಂದ. ಊರೇ ಮೈಮೇಲೆ ಬಿತ್ತು. "ಫಲಕ ತೆಗೆದ್ರೆ ಅದು ಕಳ್ಳತನ ಹೇಗಾಗುತ್ತೋ? ಬೇರು ಹಿಡಿಯುತ್ತೇನೋ?" ಎಂದು ಕಾಸ್ಪರ್ ಗದರಿದ. ಬದಲಿಗೆ ಅಕ್ಷರಗಳಿಗೆ ಹೊಸ ಬಣ್ಣ ಬಳಿಸಿದರು; ಮೊದಲಿಗಿಂತ ದಪ್ಪ. ಆ ಹೊತ್ತಿಗೆ ಸುಟ್ಟುಹೋದ ಹಳೇ ಪುದೀನವೂ, ತಾನು ಸತ್ತೇ ಇರಲಿಲ್ಲ ಎಂಬಂತೆ, ಮಣ್ಣಿನಡಿಯಿಂದ ಮೂಲೆಮೂಲೆಗೂ ಚಿಗುರಿಟ್ಟಿತ್ತು.

ಭಾನುವಾರ ಮೂರು ಗಂಟೆಗೆ ಟೀಚರು ಕರೆದರು. ಕ್ವಿರಿನ್ ಟೋಪಿ ಸರಿಮಾಡಿಕೊಂಡು, ನೆರೆದವರ ಕೈಗಳನ್ನು ಒಮ್ಮೆ ಗತ್ತಿನಿಂದ ನೋಡಿ, ಒಳಗೆ ಹೋದ. ಕಿಟಕಿಯ ಪರದೆಯನ್ನು ತಾನೇ ಎಳೆದು, ಪಾತಿಗೆ ಬೆನ್ನು ಹಾಕಿ ಕೂತ. ಹೊರಗೆ ಯಾವುದೋ ಬೇರು ಪಟ್ಟೆಂದಿತು.

"ಇನ್ನೊಂದು ಕಪ್ ಕೊಡಿ ಟೀಚರ್," ಎಂದ. "ನನಗೇನೂ ಅವಸರ ಇಲ್ಲ."